ಕೈಗೆ ಬಂದಾಗ ಹೆಂಗಿತ್ತು

ಶಿವಗಾಮಿಯ ಚಪ್ಪಲಿಗಳು ಕಂಪ್ಯೂಟರ್ ಕೋಣೆಯ ಬಾಗಿಲ ಹೊರಗೆ ಆಗಲೇ ಇದ್ದವು. ವೆಲ್ಲಿಂಗಿರಿ ಕೈಗಡಿಯಾರ ನೋಡಿಕೊಂಡ. ಎಂಟೂಕಾಲು. ಇವತ್ತಾದರೂ ತಾನೇ ಮೊದಲು ಬರಬೇಕೆಂದು ಹೆಂಡತಿ ಸಾಂತಿ ಬಡಿಸಿದ ಇಡ್ಲಿಯಲ್ಲಿ ಎರಡನ್ನು ತಟ್ಟೆಯಲ್ಲೇ ಬಿಟ್ಟು, ‘ಅದೇನು ಹಂಗೆ ಓಡ್ತೀರಿ, ಆಪೀಸೇನು ಎದ್ದು ಓಡೋಯ್ತದಾ’ ಎಂದು ಅವಳು ಕೇಳುತ್ತಿದ್ದಂತೆಯೇ ಹೊರಟು, ಪೆರಿಯನಾಯ್ಕನ್‌ಪಾಳ್ಯದಿಂದ ತುಡಿಯಲೂರಿನವರೆಗೆ ಬಸ್ಸಿನ ಮೆಟ್ಟಿಲ ಮೇಲೆ ಜೋತಾಡಿಕೊಂಡು ಬಂದದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು. ಕಂದು ಬಣ್ಣದ ಅಗ್ಗದ ಚಪ್ಪಲಿ. ಎಡಗಾಲಿನ ಪಟ್ಟಿಗೆ ಕಪ್ಪು ದಾರದ ಹೊಲಿಗೆ. ದುಬಾರಿ ಚಪ್ಪಲಿಯಾಗಿದ್ದರೆ ದ್ವೇಷಿಸುವುದು ಇನ್ನಷ್ಟು ಸುಲಭವಾಗುತ್ತಿತ್ತು. ತನ್ನ ಚಪ್ಪಲಿಗಳನ್ನು ಅವುಗಳಿಂದ ಒಂದು ಮಾರು ದೂರ ಬಿಟ್ಟ. ಬಿಟ್ಟ ಮೇಲೆ, ಯಾರಾದರೂ ಗಮನಿಸಿಯಾರೆಂದು ಅತ್ತಿತ್ತ ನೋಡಿ, ಕಾಲಿನಿಂದಲೇ ಹತ್ತಿರಕ್ಕೆ ಸರಿಸಿದ. ಮೂವತ್ತಾರು ವರ್ಷದ ಗಂಡಸು, ಎರಡು ಮಕ್ಕಳ ತಂದೆ, ಚಪ್ಪಲಿ ಬಿಡುವುದಕ್ಕೂ ಇಷ್ಟು ಯೋಚನೆ. ಥೂ ಎಂದುಕೊಂಡು ಒಳಗೆ ಹೋದ.

ಒಳಗೆ ಏಸಿಯ ತಣ್ಣನೆ ಗಾಳಿಯಲ್ಲಿ, ಪರದೆಯ ಹಸಿರು ಅಕ್ಷರಗಳ ಮುಂದೆ, ಅವಳು ಸೆರಗನ್ನು ಭುಜದ ಸುತ್ತ ಎಳೆದುಕೊಂಡು ಕೂತಿದ್ದಳು. ‘ಬನ್ನಿ ಅಣ್ಣಾ. ನೀವು ಕೊಟ್ಟ ಫಂಕ್ಷನ್ನು ಸೇರ್ಸಿಬುಟ್ಟೆ. ಒಂದು ಕಿತ ಓಡ್ಸಿನೂ ನೋಡ್ದೆ. ಚೆಂದಾಗದೆ.’ ಚೆಂದಾಗದೆ! ಇಪ್ಪತ್ಮೂರು ವರ್ಷದ ಹುಡುಗಿ, ಬಂದು ಎಂಟು ತಿಂಗಳಾಗಿಲ್ಲ, ಅವನು ಬರೆದ ನಾಲ್ಕು ಸಾಲಿಗೆ ಚೆಂದಾಗದೆ ಅನ್ನುತ್ತಾಳೆ. ಆದರೆ ಅವನ ಎದೆ ಒಮ್ಮೆ ಧಸಕ್ಕೆಂದದ್ದು ಅದಕ್ಕಲ್ಲ. ಇವಳು ಆ ನಾಲ್ಕು ಸಾಲನ್ನು ಓದಿಬಿಟ್ಟಳೋ? ‘ತೆರೆದು ನೋಡ್ದ್ಯಾ?’ ಎಂದ, ಆದಷ್ಟು ಹಗುರವಾಗಿ. ‘ಇಲ್ಲಣ್ಣಾ, ನಿಮ್ದು ನಾ ಯಾಕೆ ತೆರೀಲಿ’ ಎಂದಳು. ಹೌದು, ಅವಳು ತೆರೆಯುವವಳಲ್ಲ. ಕೇಳದೆ ಒಬ್ಬರ ಟಿಫಿನ್ ಡಬ್ಬಿಯನ್ನೂ ಮುಟ್ಟುವವಳಲ್ಲ. ಒಳ್ಳೆಯ ಫ್ಲಾಪಿ ಹಾಕಿ ಓಡಿಸಿರುತ್ತಾಳೆ, ಎಲ್ಲ ಸುಸೂತ್ರವಾಗಿ ನಡೆದಿರುತ್ತದೆ, ತಪ್ಪೇ ಆಗದಿದ್ದ ಮೇಲೆ ಅವನ ಫಂಕ್ಷನ್ನನ್ನು ಯಾರೂ ಕರೆದಿರುವುದಿಲ್ಲ. ಫಂಕ್ಷನ್ನೆಂದರೆ ಪ್ರೋಗ್ರಾಮಿನ ಒಂದು ತುಂಡು, ಕರೆ ಬರುವವರೆಗೆ ಮಲಗಿರುವ ವಸ್ತು. ಇವತ್ತು ಹನ್ನೊಂದು ಗಂಟೆಗೆ ಅದಕ್ಕೆ ಕರೆ ಬರುತ್ತದೆ ಎಂಬುದು ಈ ಕೋಣೆಯಲ್ಲಿ ಅವನೊಬ್ಬನಿಗೆ ಗೊತ್ತಿತ್ತು.

ಹನ್ನೊಂದಕ್ಕೆ ಸೋಮಸುಂದರಂ ಬರುವವರಿದ್ದರು, ಅವಿನಾಶಿ ರಸ್ತೆಯ ಕಡೆಯ ದೊಡ್ಡ ನೂಲಿನ ಮಿಲ್ಲೊಂದರ ಮ್ಯಾನೇಜರು. ಮಾಲೀಕ ಕೃಷ್ಣಸಾಮಿ ನಿನ್ನೆ ಇಬ್ಬರನ್ನೂ ಕರೆದು ಹೇಳಿದ್ದರು: ಸೋಮಸುಂದರಂ ಒಪ್ಪಿದರೆ ಕೊಯಮತ್ತೂರು ತಿರುಪ್ಪೂರು ಅಂತ ಹತ್ತು ಮಿಲ್ಲುಗಳು ಹಿಂದೆಯೇ ಬರುತ್ತವೆ, ನಿಮ್ಮಿಬ್ಬರಲ್ಲಿ ಒಬ್ಬರನ್ನು ಅವರ ಜೊತೆ ಕಳಿಸುತ್ತೇನೆ, ಹೋದವರೇ ಇನ್ನು ಈ ಕೆಲಸಕ್ಕೆಲ್ಲ ಹಿರಿಯರು. ಹಾಗೆ ಹೇಳುವಾಗ ಅವರ ಕಣ್ಣು ಶಿವಗಾಮಿಯ ಕಡೆ ಎಷ್ಟು ಹೊತ್ತು ನಿಂತಿತ್ತು, ತನ್ನ ಕಡೆ ಎಷ್ಟು ಹೊತ್ತು ನಿಂತಿತ್ತು ಎಂದು ವೆಲ್ಲಿಂಗಿರಿ ರಾತ್ರಿಯೆಲ್ಲ ತೂಗಿ ನೋಡಿದ್ದ. ಎರಡು ವರ್ಷದ ಕೆಳಗೆ, ಎಂಬತ್ತಾರರಲ್ಲಿ, ಈ ಕೋಣೆಯಲ್ಲಿ ಒಂದೇ ಕುರ್ಚಿ ಇತ್ತು. ಸ್ಪಿನ್ನಿಂಗ್ ಯಂತ್ರಗಳು ಫ್ಲಾಪಿಯಲ್ಲಿ ಬರೆದಿಟ್ಟ ವಿವರಗಳನ್ನು ಓದಿಕೊಡುವ ಫಂಕ್ಷನ್ನುಗಳನ್ನು ಅವನೊಬ್ಬನೇ ಬರೆದು, ಅವನ್ನೆಲ್ಲ ಒಂದು ಲೈಬ್ರರಿಯಾಗಿ ಕಟ್ಟಿದ್ದ. ಯಾವ ಮಿಲ್ಲಿನವರು ಬೇಕಾದರೂ ತಮ್ಮ ಪ್ರೋಗ್ರಾಮಿನಿಂದ ಅವನ್ನು ಕರೆದು ಕೆಲಸ ಮಾಡಿಸಿಕೊಳ್ಳಬಹುದು. ಆಗ ಕೃಷ್ಣಸಾಮಿ ಕೋಣೆಗೆ ಬಂದು, ‘ಎನ್ನ ವೆಲ್ಲಿಂಗಿರಿ, ನೀ ಎನ್ನ ಸೊಲ್ರೆ?’ ಎಂದು ಕೇಳುತ್ತಿದ್ದರು. ನೀ ಏನು ಹೇಳುತ್ತೀ? ಅಷ್ಟು ಮಾತು. ಆ ಮಾತು ಈಗ ಪಕ್ಕದ ಕುರ್ಚಿಗೆ ಸರಿದಿತ್ತು. ಸಂಬಳ ಕಡಿಮೆಯಾಗಿರಲಿಲ್ಲ, ಯಾರೂ ಬೈದಿರಲಿಲ್ಲ, ಕೇಳುವವರು ಮುಖ ತಿರುಗಿಸಿದ್ದರು, ಅಷ್ಟೇ.

ಅವಳು ಬಂದ ಮೊದಲ ದಿನ ಅವನಿಗೆ ಖುಷಿಯೇ ಆಗಿತ್ತು. ಸುಳ್ಳು ಯಾಕೆ ಹೇಳಬೇಕು. ಗೇಟಿನವರೆಗೆ ಬಿಡಲು ಬಂದ ತಂದೆಗೆ ಅವಳು ‘ಅಪ್ಪಾ, ಬಸ್ಸು ಹೋಗ್ಬುಡ್ತದೆ, ನೀ ಓಡು’ ಎಂದದ್ದು ಕಿವಿಗೆ ಬಿದ್ದಾಗ, ತುಡಿಯಲೂರಿನ ಆ ಶೆಡ್ಡುಗಳ ಮಧ್ಯೆ, ಲೇತ್ ಯಂತ್ರಗಳ ಕಿರ್ರೆನ್ನುವ ಸದ್ದಿನಲ್ಲಿ, ಯಾರೋ ತನ್ನ ಮನೆಯ ಹಿತ್ತಲ ಬಾಗಿಲು ತೆರೆದ ಹಾಗಾಗಿತ್ತು. ಅವಳ ಮನೆಯವರು ಸೋಮನೂರಿನ ಹತ್ತಿರ ಹೊಲ ಇಟ್ಟುಕೊಂಡ ಕನ್ನಡದವರು. ಇವನು ಸಿರುಮುಗೈಯ ನೇಕಾರರ ಕೇರಿಯವನು. ಕನ್ನಡ ಅಕ್ಷರ ಇಬ್ಬರಿಗೂ ಬಾರದು, ಮಾತು ಮಾತ್ರ ಇತ್ತು. ಕೃಷ್ಣಸಾಮಿಗಾಗಲಿ ಮಿಕ್ಕವರಿಗಾಗಲಿ ಅದರ ಗಂಧವಿರಲಿಲ್ಲ. ಹತ್ತೂವರೆಯ ಚಹಾದ ಹೊತ್ತಿಗೆ ಇಬ್ಬರೂ ಮೆಟ್ಟಿಲ ಮೇಲೆ ನಿಂತು ಮನೆಯ ಮಾತಾಡುತ್ತಿದ್ದರು. ಸಿ ಭಾಷೆಯ ಪಾಯಿಂಟರುಗಳ ವಿಷಯ ಅವನೇ ಅವಳಿಗೆ ತಿಳಿಸಿಕೊಟ್ಟಿದ್ದ. ಹುಡುಗಿ ಬಲು ಚುರುಕು ಎಂದು ಮಾಲೀಕರ ಮುಂದೆ ಹೇಳಿದವನೂ ಅವನೇ. ತನ್ನ ಬಾಯನ್ನು ಈಗ ತಾನೇ ಬಡಿದುಕೊಳ್ಳಬೇಕು.

ಅಪ್ಪನ ಕತೆ ಹೇಳಿದ್ದೂ ಆ ಮೆಟ್ಟಿಲ ಮೇಲೆಯೇ. ಸಿರುಮುಗೈಯ ಮನೆಯಲ್ಲಿ ರೇಷ್ಮೆ ಸೀರೆಗೆ ಒಂದು ಕುಂದು ಬಂದರೆ ಅಪ್ಪ ಕೂಗಾಡುತ್ತಿರಲಿಲ್ಲ. ಸೀರೆಯನ್ನು ಬೆಳಕಿಗೆ ಹಿಡಿದು, ಮೊದಲು ಮಗ್ಗದ ಗುಂಡಿಯಲ್ಲಿ ಕೂತು ನೇಯ್ದವರ ಮುಂದೆ ನಿಂತು ಕೇಳುತ್ತಿದ್ದ: ‘ನಿನ್ನ ಕೈಗೆ ಬಂದಾಗ ಹೆಂಗಿತ್ತು?’ ಬರುವಾಗಲೇ ಹೀಗಿತ್ತು ಎಂದರೆ, ಹಾಸಿನ, ಅಂದರೆ ಉದ್ದಕ್ಕೆ ಓಡುವ ಎಳೆಗಳನ್ನು ಮಗ್ಗದ ಹಣಿಗೆಗೆ ಪೋಣಿಸಿದವರ ಹತ್ತಿರ ಹೋಗುತ್ತಿದ್ದ. ಅಲ್ಲಿಂದ ಹಳೆಯ ಹಾಸಿನ ತುದಿಗೆ ಹೊಸ ಹಾಸನ್ನು ಹೊಸೆದು ಸೇರಿಸಿದವರು, ಅಲ್ಲಿಂದ ಬಣ್ಣ ಹಾಕಿದವರು. ಎಲ್ಲರಿಗೂ ಅದೇ ಪ್ರಶ್ನೆ, ಅದೇ ದನಿ. ಯಾರಾದರೂ ‘ನನ್ನ ಕೈಯಲ್ಲೇ ಕೆಟ್ಟಿತು’ ಎಂದರೆ ಅಲ್ಲಿಗೆ ನಿಂತ. ಮುಂದಕ್ಕೆ ಒಂದು ಹೆಜ್ಜೆ ಇಡುತ್ತಿರಲಿಲ್ಲ. ಶಿವಗಾಮಿ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣರಳಿಸಿ ಕೇಳಿದ್ದಳು. ‘ಬೈಯ್ತಾನೇ ಇರ್ಲಿಲ್ವಾ ಅಣ್ಣಾ? ಬರೀ ಕೇಳ್ಕೊಂಡು ಹೋಗೋರಾ?’ ಎಂದಿದ್ದಳು. ಹೌದು ಎಂದಿದ್ದ. ಅಷ್ಟು ಮಾತ್ರ ಹೇಳಿದ್ದ. ಅಕ್ಕ ಪಾಪಾತಿಯ ವಿಷಯ ಹೇಳಿರಲಿಲ್ಲ.

ಹದಿನೈದು ದಿನ ಕಳೆದು ಅವಳು ಕೃಷ್ಣಸಾಮಿಯ ಮುಂದೆ ಒಂದು ಹಾಳೆ ಹರಡಿದಳು. ಅಲ್ಲಿಯವರೆಗೆ ವೆಲ್ಲಿಂಗಿರಿಯ ಲೈಬ್ರರಿಯಲ್ಲಿ ಏನಾದರೂ ಕೆಟ್ಟರೆ ‘ತಪ್ಪಾಗಿದೆ’ ಎಂದು ಪರದೆಯ ಮೇಲೆ ಬಂದು ಎಲ್ಲ ನಿಂತುಹೋಗುತ್ತಿತ್ತು. ಎಲ್ಲಿ, ಯಾಕೆ ಎಂದು ಹುಡುಕಲು ಅವನನ್ನೇ ಕರೆಯಬೇಕು; ಅದರಲ್ಲಿ ಅವನಿಗೊಂದು ಸುಖವಿತ್ತು. ಅವಳು ಹೇಳಿದ್ದು ಇಷ್ಟು: ಒಂದು ಫಂಕ್ಷನ್ನು ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು. ಎಲ್ಲಕ್ಕಿಂತ ಒಳಗಿನದು ಎಡವಿದಾಗ ಅದು ಒಂದು ಚೀಟಿ ಬರೆದಿಡಲಿ; ಅದನ್ನು ಕರೆದದ್ದು ಅದರ ಮೇಲೆ ತನ್ನ ಚೀಟಿ ಇಡಲಿ; ಹೀಗೆ ಹೊರಗಿನವರೆಗೆ ಚೀಟಿಗಳ ಒಂದು ಅಟ್ಟಿ ಬೆಳೆಯಲಿ. ಆಮೇಲೆ ಒಂದು ಫಂಕ್ಷನ್ನು ಆ ಅಟ್ಟಿಯ ಮೇಲೆ ನಡೆಯುತ್ತದೆ, ಮೇಲಿಂದ ಕೆಳಕ್ಕೋ ಕೆಳಗಿಂದ ಮೇಲಕ್ಕೋ. ಅದು ತಾನಾಗಿ ಏನೂ ಮಾತಾಡುವುದಿಲ್ಲ. ನೀವು ನಿಮ್ಮದೊಂದು ಫಂಕ್ಷನ್ನನ್ನು ಅದರ ಕೈಗೆ ಕೊಟ್ಟು ಕಳಿಸಬೇಕು. ಪ್ರತಿ ಚೀಟಿಯ ಮುಂದೆ ಅದು ನಿಮ್ಮ ಫಂಕ್ಷನ್ನನ್ನು ಕರೆದು ಚೀಟಿ ತೋರಿಸುತ್ತದೆ. ನಿಮ್ಮದು ಸೊನ್ನೆ ಎಂದರೆ ಮುಂದಿನದಕ್ಕೆ ಹೋಗುತ್ತದೆ, ಒಂದು ಎಂದರೆ ಅಲ್ಲೇ ನಿಲ್ಲುತ್ತದೆ. ‘ಕಾಲ್‌ಬ್ಯಾಕ್’ ಎಂದಳು ಇಂಗ್ಲಿಷಿನಲ್ಲಿ. ಆಮೇಲೆ ತಮಿಳಿನಲ್ಲಿ, ‘ಈ ಯೋಚನೆ ಅಣ್ಣನ ಅಪ್ಪನದು ಸಾರ್’ ಎಂದಳು. ಕೃಷ್ಣಸಾಮಿ ಅದನ್ನು ಹುಡುಗಿಯ ವಿನಯವೆಂದುಕೊಂಡು ನಕ್ಕು, ಮೇಜು ತಟ್ಟಿ, ‘ಭೇಷ್ ಭೇಷ್’ ಎಂದರು. ಹೇಳದೆ ಕದ್ದಿದ್ದರೆ ಅವನು ಎದೆಯೆತ್ತಿ ಸಿಟ್ಟಾಗಬಹುದಿತ್ತು. ಅವಳು ಹೇಳಿಬಿಟ್ಟಿದ್ದಳು. ಹೇಳಿದ ಮೇಲೂ ಭೇಷ್ ಅವಳಿಗೇ ಬಂತು. ಅಪ್ಪ ಇಪ್ಪತ್ತು ವರ್ಷ ಅವನ ಕಣ್ಣ ಮುಂದೆಯೇ ಮಗ್ಗದಿಂದ ಮಗ್ಗಕ್ಕೆ ನಡೆದಿದ್ದ. ಅದು ಅವನಿಗೆ ಯಾಕೆ ಹೊಳೆಯಲಿಲ್ಲ? ಆ ದಿನದಿಂದ ಅವನ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಚಹಾದ ಹೊತ್ತಿಗೆ ಮೆಟ್ಟಿಲ ಮೇಲೆ ನಿಲ್ಲುವುದನ್ನು ಬಿಟ್ಟ. ‘ಅಣ್ಣನಿಗೆ ಮೈಯಲ್ಲಿ ಉಷಾರಿಲ್ವಾ?’ ಎಂದು ಅವಳು ಎರಡು ಸಲ ಕೇಳಿ ಸುಮ್ಮನಾದಳು.

ಪ್ರತಿ ಚೀಟಿಯ ಮೇಲೆ ಬರೆದವರ ಹೆಸರಿನ ಮೊದಲಕ್ಷರ ಇರಬೇಕೆಂಬುದು ಮಾತ್ರ ಕೃಷ್ಣಸಾಮಿಯ ನಿಯಮ. ಮಿಲ್ಲಿನಲ್ಲಿ ದುಡಿದು ಮೇಲೆ ಬಂದ ಮನುಷ್ಯ. ಬಟ್ಟೆಯ ಪೀಸಿನ ಮೂಲೆಯಲ್ಲಿ ಪರೀಕ್ಷೆ ಮಾಡಿದವನ ಗುರುತು ಇಲ್ಲದಿದ್ದರೆ ಅವರಿಗೆ ನಿದ್ದೆ ಬಾರದು. ಹೀಗಾಗಿ ಫೈಲು ತೆರೆಯುವ ಹೊರಗಿನ ಫಂಕ್ಷನ್ನಿನ ಚೀಟಿಗೆ ಶಿವಗಾಮಿಯ ಎಸ್. ಅದರೊಳಗೆ ಒಂದೊಂದು ಭಾಗ ಓದುವ ಫಂಕ್ಷನ್ನಿಗೂ ಎಸ್, ಹಳೆಯದನ್ನು ಅವಳು ಹೊಸದಾಗಿ ಬರೆದಿದ್ದಳಲ್ಲ. ಎಲ್ಲಕ್ಕಿಂತ ಒಳಗೆ, ಫ್ಲಾಪಿಯಿಂದ ಒಂದು ಅಂಕಿ ಎತ್ತಿಕೊಡುವ ಸಣ್ಣ ಫಂಕ್ಷನ್ನಿಗೆ ಅವನ ವಿ. ಅಷ್ಟೇ ಉಳಿದಿತ್ತು ಅವನದು, ತಳದಲ್ಲಿ.

ಸೋಮಸುಂದರಂ ಕಳೆದ ಗುರುವಾರ ಫೋನಿನಲ್ಲಿ, ತಮ್ಮ ಮಿಲ್ಲಿನಲ್ಲಿ ದಿನಕ್ಕೆ ನಲವತ್ತು ಸಾವಿರ ಬಾಬಿನ್ ನೂಲು ಇಳಿಯುತ್ತದೆ ಎಂದು ಜಂಭ ಕೊಚ್ಚಿಕೊಂಡಾಗ ಫೋನು ಹಿಡಿದಿದ್ದವನು ವೆಲ್ಲಿಂಗಿರಿಯೇ. ನಲವತ್ತು ಸಾವಿರ ಎಂದು ಬ್ಲಾಟರಿನ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡ. ಬರೆಯುತ್ತಿದ್ದ ಹಾಗೆಯೇ ತಪ್ಪು ಹೊಳೆಯಿತು. ಅವನ ಫಂಕ್ಷನ್ನು ಅಂಕಿಯನ್ನು ಇಟ್ಟುಕೊಳ್ಳುವ ಜಾಗ ಚಿಕ್ಕದು. ಮೂವತ್ತೆರಡು ಸಾವಿರದ ಏಳುನೂರ ಅರವತ್ತೇಳರವರೆಗೆ ಹಿಡಿಯುತ್ತದೆ, ಅದರಾಚೆಗೆ ಅಂಕಿ ಮಗುಚಿ ಬಿದ್ದು ಸೊನ್ನೆಗಿಂತ ಕೆಳಗಿಳಿಯುತ್ತದೆ. ಹಿಂದಿನ ಮಿಲ್ಲುಗಳೆಲ್ಲ ಸಣ್ಣವು, ಯಾರೂ ಅಲ್ಲಿಯವರೆಗೆ ಮುಟ್ಟಿರಲಿಲ್ಲ. ತಿದ್ದಲು ಒಂದು ಪದ ಸಾಕು. ಇಂಟ್ ಎಂಬಲ್ಲಿ ಲಾಂಗ್ ಎಂದು ಬರೆದರೆ ಜಾಗ ದೊಡ್ಡದಾಗುತ್ತದೆ. ಶುಕ್ರವಾರ ಮರೆತ, ಅದು ನಿಜವಾದ ಮರೆವು. ಶನಿವಾರ ನೆನಪಾಯಿತು. ಸೋಮವಾರ ಕೃಷ್ಣಸಾಮಿ ಬಂದು, ‘ನಡೆಯುವ ಫಂಕ್ಷನ್ನು ಅವಳದು, ಚೀಟಿ ನೋಡಿ ಪರದೆಯ ಮೇಲೆ ಹಾಕುವುದನ್ನಾದರೂ ನೀನು ಬರೆ’ ಎಂದರು. ‘ಹಾಕುವುದನ್ನಾದರೂ’ ಎಂದರು. ಆ ಒಂದು ಮಾತಿನಿಂದ ಅವನ ಕಿವಿ ಬಿಸಿಯಾಯಿತು. ಕೂತು ನಾಲ್ಕು ಸಾಲು ಬರೆದ. ಮೇಲಿಂದ ನಡೆಯಲಿ. ಮೊದಲ ಚೀಟಿಯನ್ನು ಪರದೆಯ ಮೇಲೆ ಹಾಕು. ಆಮೇಲೆ ಒಂದು ಎನ್ನು. ಅಂದರೆ ಅಲ್ಲೇ ನಿಲ್ಲು. ಸುಳ್ಳೇನಿಲ್ಲ ಅದರಲ್ಲಿ, ಮೊದಲ ಚೀಟಿಯೂ ಚೀಟಿಯೇ, ಅದರ ಮೇಲಿನ ಎಸ್ ಎಂಬ ಅಕ್ಷರವೂ ನಿಜವೇ. ಒಳಗಿನ ಒಂದು ಪದವನ್ನು ಅವನು ತಿದ್ದಲಿಲ್ಲ.

‘ಅಣ್ಣಾ, ಚಾ ಬಂತು’ ಎಂದಳು ಶಿವಗಾಮಿ. ಲೋಟ ತಂದು ಅವನ ಮೇಜಿನ ಮೇಲಿಟ್ಟು, ‘ಇವತ್ತು ನಂಗೆ ಒಂಥರಾ ಹೆದರಿಕೆ ಆಗ್ತದೆ. ನೀವೇ ಅವರ ಜೊತೆ ಮಾತಾಡ್ರಣ್ಣಾ, ನಿಮ್ಗೆ ಮಿಲ್ಲಿನವ್ರ ಭಾಷೆ ಗೊತ್ತು’ ಎಂದಳು. ನಾಟಕವೇ? ಅಲ್ಲ. ತನ್ನ ಲೋಟವನ್ನು ಅವಳು ಮುಟ್ಟದೆ ಪಕ್ಕಕ್ಕಿಟ್ಟಳು. ಈಗಲೂ ಹೊತ್ತು ಮೀರಿಲ್ಲ, ಎದ್ದು ಹೋಗಿ ಒಂದು ಪದ ತಿದ್ದಿದರೆ ನಾಲ್ಕು ನಿಮಿಷದ ಕೆಲಸ ಎಂದು ಅವನಿಗನ್ನಿಸಿತು. ಚಹಾ ಕುಡಿದ. ಸಕ್ಕರೆ ಕಡಿಮೆಯಿತ್ತು. ಅವನಿಗೆ ಸಕ್ಕರೆ ಕಡಿಮೆ ಬೇಕೆಂದು ಅಂಗಡಿಯವನಿಗೆ ಹೇಳಿಟ್ಟಿದ್ದವಳು ಅವಳೇ. ಲೋಟವನ್ನು ಕೆಳಗಿಟ್ಟು, ಬ್ಲಾಟರಿನ ಮೇಲಿನ ನಲವತ್ತು ಸಾವಿರವನ್ನು ರಬ್ಬರಿನಿಂದ ಉಜ್ಜಿದ.

ಸೋಮಸುಂದರಂ ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಬಂದರು. ಬಿಳಿ ವೇಷ್ಟಿ, ಬಿಳಿ ಶರಟು, ಜೇಬಿನಲ್ಲಿ ಎರಡು ಪೆನ್ನು. ಕೋಣೆಯ ಚಳಿಗೆ ಭುಜ ಕುಗ್ಗಿಸಿ, ಕೂರಿರಿ ಎಂದರೂ ಕೂರದೆ, ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯಲ್ಲಿ ಸುತ್ತಿದ್ದ ಫ್ಲಾಪಿ ತೆಗೆದು, ನಿಮ್ಮ ಫ್ಲಾಪಿಯಲ್ಲಿ ಎಲ್ಲ ಚೆನ್ನಾಗಿಯೇ ಓಡುತ್ತದೆ, ಇದನ್ನು ಹಾಕಿ ನೋಡೋಣ ಎಂದರು. ಕೃಷ್ಣಸಾಮಿ ನಗುತ್ತ ಅದನ್ನು ಶಿವಗಾಮಿಯ ಕೈಗೆ ಕೊಟ್ಟರು. ಎರಡು ಕುರ್ಚಿಗಳಲ್ಲಿ ಅವಳ ಕುರ್ಚಿಯ ಕಡೆಗೇ ಹೋಗಿತ್ತು ಆ ಕೈ; ವೆಲ್ಲಿಂಗಿರಿ ಅದನ್ನು ಗಮನಿಸದೆ ಬಿಡಲಿಲ್ಲ. ಡ್ರೈವಿನ ಬಾಗಿಲು ಮುಚ್ಚಿತು, ಕೆಂಪು ದೀಪ ಹತ್ತಿತು, ಫ್ಲಾಪಿ ಕಟಕಟ ಸದ್ದು ಮಾಡಿತು. ಅವನು ಪರದೆಯನ್ನು ನೋಡಲಿಲ್ಲ. ಅವಳ ಕತ್ತನ್ನು ನೋಡುತ್ತಿದ್ದ, ಕೂದಲು ಬಾಚಿದ್ದರಲ್ಲಿ ಜಾರಿದ ಒಂದೆಳೆ ರವಿಕೆಯ ಅಂಚಿನ ಹತ್ತಿರ ಅಂಟಿಕೊಂಡಿತ್ತು.

ಎಳೆ. ಪಾಪಾತಿ ಅಕ್ಕ ನೇಯುತ್ತಿದ್ದದ್ದು ಹಸಿರು ಒಡಲಿನ ಮದುವೆ ಸೀರೆ. ಅವನು ಕಾಲೇಜಿನ ರಜೆಗೆ ಮನೆಗೆ ಬಂದಿದ್ದ. ಹಳೆಯ ಹಾಸಿನ ತುದಿಗೆ ಹೊಸ ಹಾಸನ್ನು ಸೇರಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಬೆರಳಿಗೆ ಬೂದಿ ಮುಟ್ಟಿಸಿ, ಒಂದೊಂದು ಎಳೆಗೆ ಒಂದೊಂದು ಎಳೆಯನ್ನಿಟ್ಟು ಹೊಸೆಯಬೇಕು, ಸಾವಿರಾರು ಎಳೆ. ಮೇಟ್ಟುಪಾಳ್ಯದಲ್ಲಿ ಗೆಳೆಯರು ಕಾಯುತ್ತಿದ್ದರು, ಮ್ಯಾಟಿನಿ ಆಟಕ್ಕೆ ಹೊತ್ತಾಗಿತ್ತು. ಅಂಚಿನ ಕೆಂಪಿನ ಒಂದು ಎಳೆ ಹಸಿರಿಗೆ ಹೊಸೆದುಕೊಂಡಿತು. ಕಂಡ ಮೇಲೂ ಬಿಟ್ಟ. ಕೂದಲೆಳೆಯಷ್ಟು ಕೆಂಪು ಗೆರೆ ಆರು ಗಜ ಉದ್ದಕ್ಕೂ ಓಡಿತು. ಅಪ್ಪ ಸೀರೆಯನ್ನು ಬೆಳಕಿಗೆ ಹಿಡಿದು ಪಾಪಾತಿಯ ಮುಂದೆ ನಿಂತ. ‘ನಿನ್ನ ಕೈಗೆ ಬಂದಾಗ ಹೆಂಗಿತ್ತವ್ವಾ?’ ಅವಳು ಮಗ್ಗದ ಗುಂಡಿಯಿಂದ ಒಂದು ಸಲ ತಮ್ಮನ ಕಡೆ ನೋಡಿದಳು. ಅವನು ಗೋಡೆಯ ಮೇಲಿದ್ದ ಹಲ್ಲಿಯನ್ನು ನೋಡಿದ. ‘ಸರಿಯಾಗಿಯೇ ಇತ್ತಪ್ಪಾ. ಎಳೆ ಕಿತ್ಹೋಯ್ತು, ನಾನೇ ಕಾಣ್ದೆ ಕೆಂಪು ಸೇರ್ಸಿಬುಟ್ಟೆ’ ಎಂದಳು. ಅಪ್ಪ ಅಲ್ಲಿಗೆ ನಿಂತ. ಒಂದೇ ಒಂದು ಹೆಜ್ಜೆ ಮುಂದಿಟ್ಟಿದ್ದರೆ ಅವನಿದ್ದ. ಪಾಪಾತಿಯನ್ನು ರೇಷ್ಮೆ ಮಗ್ಗದಿಂದ ಇಳಿಸಿದರು; ಕೈ ಸರಿಯಿಲ್ಲದ ಹೆಣ್ಣು ಎಂದು ಕೇರಿಯಲ್ಲಿ ಮಾತಾಯಿತು; ರೇಷ್ಮೆ ನೇಯುವ ಮನೆಯಿಂದ ಬಂದಿದ್ದ ಸಂಬಂಧ ತಪ್ಪಿತು. ಈಗ ಕರುಮತ್ತಂಪಟ್ಟಿಯಲ್ಲಿ ಪವರ್‌ಲೂಮಿನ ಶೆಡ್ಡಿನಲ್ಲಿ ಪಾಳಿ ಕೆಲಸ, ಕಿವಿ ಅರ್ಧ ಕೇಳದು. ಪೊಂಗಲ್ಲಿಗೆ ಹೋದರೆ ಈಗಲೂ ಅವನ ತಟ್ಟೆಗೆ ಎರಡು ಚಮಚ ತುಪ್ಪ ಹೆಚ್ಚೇ ಹಾಕುತ್ತಾಳೆ. ಅದು ಬಿಸಿ ತುಪ್ಪವೇ, ನುಂಗಲೂ ಆಗದು, ಉಗುಳಲೂ ಆಗದು.

‘ಎನ್ನಮ್ಮಾ ಇದು?’ ಎಂದರು ಕೃಷ್ಣಸಾಮಿ. ಏನಮ್ಮಾ ಇದು? ಪರದೆಯ ಮೇಲೆ ಒಂದೇ ಸಾಲು. ಫೈಲು ತೆರೆಯಲಾಗಲಿಲ್ಲ ಎಂದು ಇಂಗ್ಲಿಷಿನಲ್ಲಿ, ಕೊನೆಗೆ ಎಸ್ ಎಂಬ ಅಕ್ಷರ. ಸೋಮಸುಂದರಂ ಬಗ್ಗಿ ನೋಡಿ, ಎಸ್ ಅಂದರೆ ಯಾರು ಎಂದು ಕೇಳಿದರು. ಅವಳ ಕಿವಿಯ ಹಿಂದೆ ಕೆಂಪು ಏರಿದ್ದೇ ಉತ್ತರ. ‘ಹೆಣ್ಣುಮಕ್ಕಳ ಕೈಗೆ ಇಷ್ಟು ದೊಡ್ಡ ಕೆಲಸ ಕೊಟ್ಟರೆ...’ ಎಂದು ಸೋಮಸುಂದರಂ ತಮಿಳಿನಲ್ಲಿ ಗೊಣಗಿ ಮಾತನ್ನು ಅರ್ಧಕ್ಕೆ ಬಿಟ್ಟರು. ಆಗ ವೆಲ್ಲಿಂಗಿರಿಗೆ ಆದದ್ದು ಸಂತೋಷ. ಹೌದು, ಸಂತೋಷವೇ, ಬಿಸಿಲಿನಿಂದ ಬಂದವನು ತಣ್ಣೀರು ಕುಡಿದ ಹಾಗೆ ಗಂಟಲಿನಿಂದ ಕೆಳಕ್ಕೆ ಇಳಿಯಿತು. ಒಂದು ಗುಟುಕು ಅಷ್ಟೇ. ಅದರ ಹಿಂದೆಯೇ ಪಾಪಾತಿಯನ್ನು ಮಗ್ಗದಿಂದ ಇಳಿಸಿದ ದಿನ ತಾನು ಹಿತ್ತಲಿಗೆ ಹೋಗಿ ನಿಂತದ್ದು ನೆನಪಾಗಿ ಬಾಯಿ ಒಣಗಿತು. ‘ನಾ ನೋಡ್ತೀನಿ ಸಾರ್, ಹತ್ತು ನಿಮಿಷ ಕೊಡಿ’ ಎಂದಳು ಶಿವಗಾಮಿ ತಮಿಳಿನಲ್ಲಿ. ಚಹಾದ ಹೊತ್ತಿನ ಹೆದರಿಕೆ ಈಗ ಅವಳಲ್ಲಿ ಕಾಣಲಿಲ್ಲ, ಅದಕ್ಕೂ ಅವನಿಗೆ ಹೊಟ್ಟೆ ಉರಿಯಿತು.

ಅವಳು ಅವನ ಫಂಕ್ಷನ್ನನ್ನು ತೆರೆಯಲಿಲ್ಲ. ಅದನ್ನು ಪಕ್ಕಕ್ಕಿಟ್ಟು ತನ್ನದೊಂದನ್ನು ಬರೆಯತೊಡಗಿದಳು. ಅವನು ಹಿಂದೆ ನಿಂತು ಒಂದೊಂದು ಅಕ್ಷರವನ್ನೂ ನೋಡಿದ. ಕೆಳಗಿಂದ ನಡೆ. ಚೀಟಿಯನ್ನು ತೋರಿಸು. ಸೊನ್ನೆ ಎನ್ನು, ಮುಂದಕ್ಕೆ ಹೋಗು. ಯಾರ ಮುಂದೆಯೂ ನಿಲ್ಲದೆ ನಡೆಯುವುದು. ಕೃಷ್ಣಸಾಮಿ ಸೋಮಸುಂದರಂ ಅವರನ್ನು ಕಿಟಕಿಯ ಹತ್ತಿರ ಕರೆದೊಯ್ದು ಹತ್ತಿಯ ಧಾರಣೆಯ ಮಾತು ತೆಗೆದಿದ್ದರು. ತಡೆಯಬೇಕು, ಏನಾದರೂ ಹೇಳಿ ಎಬ್ಬಿಸಬೇಕು, ಕರೆಂಟಾದರೂ ಹೋಗಬಾರದೇ ಎಂದು ಅವನು ಬೇಡಿಕೊಂಡ. ದಿನಕ್ಕೆ ಮೂರು ಸಲ ಹೋಗುವ ಕರೆಂಟು ಇವತ್ತು ಗಟ್ಟಿಯಾಗಿ ನಿಂತಿತ್ತು. ಪರದೆಯ ಮೇಲೆ ಮೂರು ಸಾಲು ಬಿದ್ದವು. ಎಣಿಕೆ ಸೊನ್ನೆಗಿಂತ ಕಡಿಮೆ, ನಲವತ್ತೊಂದನೆಯ ಸಾಲು, ವಿ. ಭಾಗ ಓದಲಾಗಲಿಲ್ಲ, ಎಸ್. ಫೈಲು ತೆರೆಯಲಾಗಲಿಲ್ಲ, ಎಸ್.

ಶಿವಗಾಮಿ ಆ ವಿ ಅಕ್ಷರವನ್ನು ನೋಡಿದಳು. ಆಮೇಲೆ ಕುರ್ಚಿಯನ್ನು ತಿರುಗಿಸಲಿಲ್ಲ, ಕತ್ತನ್ನಷ್ಟೇ ಹೊರಳಿಸಿ ಅವನ ಮುಖ ನೋಡಿ, ಕನ್ನಡದಲ್ಲಿ, ಮೆಲ್ಲಗೆ ಅಲ್ಲ, ಮನೆಯ ಮಾತಿನಷ್ಟೇ ಸಾಧಾರಣವಾಗಿ ಕೇಳಿದಳು: ‘ಅಣ್ಣಾ, ನಿಮ್ಮ ಕೈಗೆ ಬಂದಾಗ ಹೆಂಗಿತ್ತು?’

ಅಣಕವಿರಲಿಲ್ಲ. ಅಣಕವಿದ್ದಿದ್ದರೆ ಅವನು ಉಳಿದುಕೊಳ್ಳುತ್ತಿದ್ದ. ಅಪ್ಪ ಕೇಳುತ್ತಿದ್ದದ್ದೂ ಹೀಗೆಯೇ. ಹದಿನೇಳು ವರ್ಷದ ಹಿಂದೆ ತನ್ನವರೆಗೆ ಬರಬೇಕಾಗಿದ್ದ ಪ್ರಶ್ನೆ, ಪಾಪಾತಿಯ ಮುಂದೆ ನಿಂತುಹೋಗಿದ್ದ ಪ್ರಶ್ನೆ, ಈಗ ಬಂತು. ಗೋಡೆಯ ಮೇಲೆ ಹಲ್ಲಿ ಇರಲಿಲ್ಲ. ನೋಡಲು ಅವಳ ಕಣ್ಣು ಬಿಟ್ಟರೆ ಬೇರೇನೂ ಇರಲಿಲ್ಲ. ‘ಸರಿಯಾಗೇ ಇತ್ತು’ ಎಂದ. ‘ನನ್ನ ಕೈಯಲ್ಲೇ ಕೆಟ್ಟದ್ದು. ಗುರುವಾರದಿಂದ ಗೊತ್ತಿತ್ತು. ನಾನೇ ಬಿಟ್ಟೆ. ಮೇಲಿನ ಚೀಟಿ ಮಾತ್ರ ತೋರೋ ಹಂಗೆ ನಾನೇ ಬರ್ದೆ.’ ಎಲ್ಲ ಹೇಳಿಬಿಟ್ಟ. ಹೇಳುತ್ತಿದ್ದಂತೆ ಕಣ್ಣಲ್ಲಿ ನೀರು ಬಂತು, ಎದೆ ಹಗುರಾಯಿತು, ತಾನೂ ಒಬ್ಬ ಮನುಷ್ಯನೇ ಎನ್ನಿಸಿತು.

‘ಎನ್ನ ಸೊಲ್ರಾರು?’ ಎಂದರು ಕೃಷ್ಣಸಾಮಿ ಕಿಟಕಿಯಿಂದ, ಅವನು ಏನು ಹೇಳುತ್ತಿದ್ದಾನೆ ಎಂದು. ಅವರು ಕೇಳಿದ್ದು ಅವನನ್ನಲ್ಲ, ಅವಳನ್ನು. ಶಿವಗಾಮಿ ಇನ್ನೂ ಅವನ ಕಡೆಯೇ ನೋಡುತ್ತಿದ್ದಳು. ಕಾಯುತ್ತಿದ್ದಳು. ಅದು ಅವನಿಗೆ ಗೊತ್ತಾಯಿತು. ಈಗ ಹೇಳಿದ್ದನ್ನೇ ತಮಿಳಿನಲ್ಲಿ ಹೇಳಬೇಕು, ಅಷ್ಟೇ. ಆರು ವರ್ಷದವನಾಗಿದ್ದಾಗಿನಿಂದ ಆಡಿದ ಭಾಷೆ, ಓದಿದ ಭಾಷೆ, ಅದರಲ್ಲಿ ಅವನಿಗೆ ಮಾತಿನ ಬರವಿರಲಿಲ್ಲ. ಬಾಯಿ ತೆರೆದ. ಸೋಮಸುಂದರಂ ಅವರ ಬಿಳಿ ಶರಟು ಕಂಡಿತು, ಜೇಬಿನ ಎರಡು ಪೆನ್ನು ಕಂಡವು, ಕೃಷ್ಣಸಾಮಿಯ ಮೇಲೆತ್ತಿದ ಹುಬ್ಬು ಕಂಡಿತು. ಬಾಯಿ ಮುಚ್ಚಿದ.

ಅವಳು ಪರದೆಯ ಕಡೆ ತಿರುಗಿದಳು. ‘ಒಣ್ಣುಮಿಲ್ಲಿಂಗ ಸಾರ್’ ಎಂದಳು, ಏನಿಲ್ಲ ಎಂದು. ‘ಚಿಕ್ಕ ತಪ್ಪು. ಸಿಕ್ಕಿತು ಅಂತಾರೆ ಅಣ್ಣ.’ ಅವನ ನಲವತ್ತೊಂದನೆಯ ಸಾಲಿಗೆ ಹೋಗಿ ಇಂಟ್ ಅಳಿಸಿ ಲಾಂಗ್ ಎಂದು ಬರೆದಳು. ಚೀಟಿಯ ಮೇಲಿನ ವಿ ಅಕ್ಷರವನ್ನು ಹಾಗೇ ಬಿಟ್ಟಳು. ಯಂತ್ರ ಮತ್ತೆ ಎಲ್ಲವನ್ನೂ ಕಟ್ಟಲು ನಾಲ್ಕು ನಿಮಿಷ ಹಿಡಿಯಿತು; ಆ ನಾಲ್ಕು ನಿಮಿಷ ಅವಳು ತಣ್ಣಗಾಗಿದ್ದ ತನ್ನ ಚಹಾವನ್ನು ಸ್ವಲ್ಪಸ್ವಲ್ಪವಾಗಿ ಕುಡಿದಳು. ನಲವತ್ತು ಸಾವಿರದ ಇನ್ನೂರ ಹತ್ತು ಬಾಬಿನ್ ಎಂದು ಪರದೆಯ ಮೇಲೆ ಬಂದಾಗ ಸೋಮಸುಂದರಂ ಮೊದಲ ಬಾರಿಗೆ ಕೂತರು. ನೋಡಿ, ನಿಮ್ಮ ಹಳೆಯವನು ಹಿಂದೆ ನಿಂತು ಹೇಳಿಕೊಟ್ಟದ್ದಕ್ಕೆ ಸಿಕ್ಕಿತು, ಅನುಭವ ಅಂದರೆ ಇದು ಎಂದು ಕೃಷ್ಣಸಾಮಿಗೆ ಹೇಳಿದರು. ಕೃಷ್ಣಸಾಮಿ ಶಿವಗಾಮಿಯನ್ನು ನೋಡಿ, ಅವನನ್ನು ನೋಡಿ, ತಲೆಯಾಡಿಸಿದರು. ಎಷ್ಟೋ ತಿಂಗಳ ಮೇಲೆ ಅವರ ಕೈ ಅವನ ಭುಜದ ಮೇಲೆ ಬಂತು.

‘ವೆಲ್ಲಿಂಗಿರಿ, ನೀನೇ ಹೋಗು ಇವರ ಜೊತೆ. ನೀ ಎನ್ನ ಸೊಲ್ರೆ?’

‘ಸರಿಂಗ ಸಾರ್’ ಎಂದ ಅವನು. ಆ ಮಾತು ತಮಿಳಿನಲ್ಲಿ ಸಲೀಸಾಗಿ ಬಂತು.